ತೋಟಕ್ಕೆ ಬರುವ ನರಿಯ ನಡತೆ ಬದಲಾದರೆ

ಅಡಿಕೆ, ತೆಂಗು, ಗೇರು ನಂಬಿ ಬದುಕುವ ನಮ್ಮ ಕಾಸರಗೋಡಿನ ಕೃಷಿಕರಿಗೆ ನರಿ ಹೊಸ ಪ್ರಾಣಿಯೇನೂ ಅಲ್ಲ. ಮುಸ್ಸಂಜೆಗೆ ಮೇಲಿನ ಪದವಿನಲ್ಲಿ ಒಂದು ಊಳಿಟ್ಟರೆ ಕೆಳಗಿನ ಗುಡ್ಡೆಯಿಂದ ಇನ್ನೊಂದು ಓಗೊಡುತ್ತದೆ. ಮನೆಯ ನಾಯಿ ಬೊಗಳಲು ಸುರುಮಾಡುತ್ತದೆ. ಕೋಳಿಗೂಡಿನ ಬಾಗಿಲು ಹಾಕಿ ಆಯಿತೇ ಎಂದು ನಾವು ಮಕ್ಕಳನ್ನು ಕೇಳುತ್ತೇವೆ. ತುಳುವಿನಲ್ಲಿ ಕುದ್ಕೆ, ಕೊಂಕಣಿಯಲ್ಲಿ ಕೊಲೊ, ಮಲೆಯಾಳದಲ್ಲಿ ಕುರುಕ್ಕನ್ ಎಂದು ಕರೆಸಿಕೊಳ್ಳುವ ಈ ಪ್ರಾಣಿಗೆ ನಮ್ಮ ಮಾತಿನಲ್ಲೂ ಕತೆಗಳಲ್ಲೂ ದೊಡ್ಡ ಜಾಗವಿದೆ. ಬಿಸಿಲು ಮಳೆ ಒಟ್ಟಿಗೆ ಬಂದರೆ ಮಲೆಯಾಳದವರು ಅದಕ್ಕೆ ಮದುವೆ ಮಾಡಿಸುತ್ತಾರೆ. ಯಾರಿಗಾದರೂ ನೆನೆಸದ ಲಾಭ ಬಂದರೆ "ಬೆಳಗ್ಗೆ ನರಿಯ ಮುಖ ನೋಡಿ ಎದ್ದಿರಾ?" ಎಂದು ನಾವು ಕೇಳುತ್ತೇವೆ.

ಆದರೆ ಈಚೆಗೆ ಅಂಗಡಿಯ ಬೆಂಚಿನಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ, ಭಾನುವಾರ ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ಬೇರೆ ಮಾತು ಕೇಳಿಬರುತ್ತಿದೆ. ನರಿ ಮೊದಲಿನ ಹಾಗಿಲ್ಲ, ಟಾರ್ಚು ಬಿಟ್ಟರೂ ಓಡುವುದಿಲ್ಲ, ಹಟ್ಟಿಯ ಬಾಗಿಲಿನ ತನಕ ಬರುತ್ತದೆ, ಹಗಲಿನಲ್ಲೇ ತೋಟದಲ್ಲಿ ನಡೆದಾಡುತ್ತದೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೆಲವರಿಗೆ ಇದು ತಮಾಷೆ. ಇನ್ನು ಕೆಲವರು ಎಲ್ಲವನ್ನೂ ಹೊಡೆದು ಹಾಕಬೇಕು ಎನ್ನುತ್ತಾರೆ. ಎರಡೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ನರಿಯ ನಡತೆಯಲ್ಲಿ ಎರಡು ಬಗೆಯ ಬದಲಾವಣೆಗಳಿವೆ. ಒಂದು ವರ್ಷಗಟ್ಟಲೆ ನಿಧಾನವಾಗಿ ಆಗುವಂಥದ್ದು. ಅದಕ್ಕೆ ಕಾರಣ ಹೆಚ್ಚಾಗಿ ನಾವೇ. ಇನ್ನೊಂದು ಒಂದು ನರಿಯಲ್ಲಿ ಎರಡು ಮೂರು ದಿನಗಳೊಳಗೆ ಆಗುವಂಥದ್ದು. ಅದು ರೋಗದ ಗುರುತು, ಮತ್ತು ಆ ರೋಗಕ್ಕೆ ಮದ್ದಿಲ್ಲ. ಇವೆರಡನ್ನು ಬೇರ್ಪಡಿಸಿ ನೋಡಲು ಕಲಿತ ಮನೆಯಲ್ಲಿ ಒಂದು ಜೀವ ಉಳಿಯಬಹುದು.

ಆರೋಗ್ಯವಂತ ನರಿ ಹೇಗಿರುತ್ತದೆ?

ಮೊದಲು ಪ್ರಾಣಿಯ ಪರಿಚಯ ಮಾಡಿಕೊಳ್ಳೋಣ. ನಮ್ಮ ಗುಡ್ಡೆಗಳಲ್ಲಿ ಇರುವುದು ನಾಯಿಯ ಹತ್ತಿರದ ಸಂಬಂಧಿಯಾದ, ಸುಮಾರು 8ರಿಂದ 10 ಕಿಲೋ ತೂಗುವ ನರಿ. ಸೊಲ್ಲಾಪುರ, ರಾಯದುರ್ಗದ ಕಡೆಯ ಒಣ ಬಯಲಿನಲ್ಲಿ ಕಾಣಸಿಗುವ, 2-3 ಕಿಲೋ ಮಾತ್ರ ತೂಗುವ ಸಣ್ಣ ನರಿ ಬೇರೆ ಜಾತಿಯದು. ನಮ್ಮ ನರಿ ಜೋಡಿಯಾಗಿ ಬಾಳುವ ಪ್ರಾಣಿ. ಗಂಡು ಹೆಣ್ಣು ವರ್ಷಾನುಗಟ್ಟಲೆ ಒಂದೇ ಜಾಗ ಹಿಡಿದಿರುತ್ತವೆ. ಸಂಜೆಯ ಆ ಊಳು "ಈ ಗುಡ್ಡೆ ನಮ್ಮದು" ಎಂಬ ಸೂಚನೆ. ನಾಯಿಯ ಹಾಗೆಯೇ ಸುಮಾರು 63 ದಿನ ಗಬ್ಬವಾಗಿದ್ದು, ಮುರಕಲ್ಲಿನ ಸಂದಿನಲ್ಲೋ ಹಳೆಯ ಮಾಟೆಯಲ್ಲೋ ಮರಿ ಹಾಕುತ್ತದೆ.

ಇದು ಕೋಳಿ ಕದಿಯುವುದು ನಿಜ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ದಿನದ ಊಟ ಕೋಳಿಯಲ್ಲ. ಇಲಿ, ಹೆಗ್ಗಣ, ಗದ್ದೆಯ ಏಡಿ, ಕಪ್ಪೆ, ಹುಳುಹುಪ್ಪಟೆ, ಸತ್ತ ಪ್ರಾಣಿ, ಬೇಸಗೆಯಲ್ಲಿ ಉದುರಿದ ಗೇರುಹಣ್ಣು, ಕೊಳೆತ ಹಲಸು ಎಲ್ಲವನ್ನೂ ತಿನ್ನುತ್ತದೆ. ಮರಗೆಣಸು, ಕೆಸು ಹಾಕಿದವರಿಗೆ ಹೆಗ್ಗಣದ ಉಪದ್ರ ಎಷ್ಟೆಂದು ಗೊತ್ತು. ಇಲಿಜ್ವರದ ಭಯ ಈಗ ಪ್ರತಿ ಮಳೆಗಾಲದಲ್ಲೂ ಕೇರಳದಲ್ಲಿ ಇದೆ. ರಾತ್ರಿ ಪೂರ ಕೂಲಿ ಕೇಳದೆ ಇಲಿ ಹಿಡಿಯುವ ಪ್ರಾಣಿಯನ್ನು ಶತ್ರುಗಳ ಪಟ್ಟಿಯಲ್ಲಿ ಹಾಕುವ ಮೊದಲು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನರಿ ಕಡಿಮೆಯಾದ ಕಡೆ ನವಿಲು ಹೆಚ್ಚಾಯಿತು ಎನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ನವಿಲು ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿ, ನರಿಗೆ ಮೊಟ್ಟೆ ಇಷ್ಟ, ಮಾತಿನಲ್ಲಿ ಹುರುಳಿಲ್ಲದಿಲ್ಲ.

ಮುಖ್ಯ ವಿಷಯ ಇದು: ಆರೋಗ್ಯವಂತ ನರಿಗೆ ಮನುಷ್ಯನೆಂದರೆ ಹೆದರಿಕೆ. ಅದು ನಮ್ಮನ್ನು ನೋಡುವ ಮೊದಲೇ ನಮ್ಮ ವಾಸನೆ, ಸಪ್ಪಳ ಹಿಡಿದಿರುತ್ತದೆ. ಎದುರಾದರೆ ಒಂದು ಕ್ಷಣ ನಿಂತು ನೋಡಿ, ಬಾಲ ತಗ್ಗಿಸಿ, ಓರೆಯಾಗಿ ಓಡಿ ಪೊದೆ ಸೇರುತ್ತದೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡುವುದೂ ಉಂಟು. ಹಗಲಿನಲ್ಲಿ ಕಂಡ ಮಾತ್ರಕ್ಕೆ ಅದಕ್ಕೆ ಹುಚ್ಚು ಎಂದು ಹೇಳುವಂತಿಲ್ಲ. ಮರಿಗಳಿಗೆ ಉಣಿಸುವ ದಿನಗಳಲ್ಲಿ ತಾಯಿ ತಂದೆ ಎರಡೂ ಹಗಲಿನಲ್ಲೂ ತಿನಿಸು ಹುಡುಕುತ್ತವೆ. ಮೋಡ ಕವಿದ ಮಳೆಗಾಲದ ದಿನ ಮಧ್ಯಾಹ್ನವೇ ಹೊರಬರುತ್ತವೆ. ಗಮನಿಸಬೇಕಾದ್ದು ಅದು ಯಾವಾಗ ಬಂತು ಎಂಬುದನ್ನಲ್ಲ, ನಮ್ಮನ್ನು ಕಂಡಾಗ ಏನು ಮಾಡಿತು ಎಂಬುದನ್ನು.

ನಿಧಾನವಾಗಿ ಬಂದ ಸಲುಗೆ

ನಮ್ಮ ಹಿರಿಯರ ಕಾಲದಲ್ಲಿ ನರಿ ಇದ್ದದ್ದು ಪದವಿನಲ್ಲಿ, ಗೇರುಗುಡ್ಡೆಯಲ್ಲಿ, ಮುಳ್ಳುಪೊದೆಗಳಲ್ಲಿ. ತೋಟಕ್ಕೆ ರಾತ್ರಿಯ ಸವಾರಿ ಮಾತ್ರ. ಈಗ ಪದವಿನ ಮುರಕಲ್ಲು ಯಂತ್ರದಲ್ಲಿ ಕೊಯ್ದು ಲಾರಿ ಏರುತ್ತಿದೆ. ಮಾಟೆಯಿದ್ದ ಜಾಗದಲ್ಲಿ ನೀರು ನಿಂತ ಕೋರೆ ಇದೆ. ಗುಡ್ಡೆಯನ್ನು ತಟ್ಟು ಮಾಡಿ ರಬ್ಬರ್ ಹಾಕಿದ್ದೇವೆ. ರಬ್ಬರಿನ ಅಡಿಯಲ್ಲಿ ನರಿಗೆ ತಿನ್ನಲು ಹೆಚ್ಚೇನೂ ಇಲ್ಲ. ಉಳಿದಿರುವುದು ನೀರು, ನೆರಳು, ಇಲಿ ಇರುವ ನಮ್ಮ ಅಡಿಕೆ ತೋಟಗಳು. ಹಾಗಾಗಿ ಅದು ಹತ್ತಿರ ಬಂತು.

ಬಂದದ್ದಕ್ಕೆ ಊಟ ಹಾಕಿದವರು ಯಾರು? ಕೋಳಿ ಅಂಗಡಿಗಳು ಪೇಟೆಯಿಂದ ಹಳ್ಳಿಯ ಮೂಲೆಗೂ ಬಂದವು. ಕರುಳು, ಪುಕ್ಕ, ತಲೆ, ಕಾಲು ತುಂಬಿದ ಗೋಣಿಗಳು ರಾತ್ರಿ ಹೊತ್ತಿಗೆ ತೋಡಿನ ಬದಿಗೆ, ರಸ್ತೆಯ ತಿರುವಿಗೆ ಬಂದು ಬೀಳುತ್ತವೆ. ಅಂಗಡಿಯವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಕ್ರಿಸ್ಮಸ್, ಊರಹಬ್ಬ, ಮದುವೆಯ ರೋಸು ಬಂದಾಗ ನಮ್ಮದೇ ಮನೆಗಳಲ್ಲಿ ಹಂದಿಯೋ ಕೋಳಿಯೋ ಕೊಯ್ದ ಮೇಲೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ತೋಟದ ಕೆಳಬದಿಯ ಹೊಂಡಕ್ಕೆ. ಮೇಲೆ ನಾಲ್ಕು ಸೋಗೆ. ಮರುದಿನ ಸೋಗೆ ಒಂದು ಕಡೆ, ಹೊಂಡ ಖಾಲಿ. ಹೀಗೆ ವರ್ಷಗಟ್ಟಲೆ ನಡೆದರೆ ನರಿಗೆ ಮನುಷ್ಯನ ವಾಸನೆ ಎಂದರೆ ಊಟದ ವಾಸನೆಯಾಗುತ್ತದೆ. ಅಂಜಿಕೆ ಕಡಿಮೆಯಾಗುತ್ತದೆ. ಟಾರ್ಚಿನ ಬೆಳಕಿಗೆ ಓಡದ ನರಿ ಹೆಚ್ಚಾಗಿ ಇಂಥದ್ದು. ಇದು ರೋಗಿ ಅಲ್ಲ, ಸಲುಗೆ ಬೆಳೆಸಿಕೊಂಡ ಪ್ರಾಣಿ. ಕಲ್ಲು ಎತ್ತಿದರೆ, ಕೂಗಿದರೆ, ನಾಯಿ ಬಂದರೆ ಅದು ಈಗಲೂ ಓಡುತ್ತದೆ.

ಆದರೆ ಆ ಹೊಂಡಕ್ಕೆ ನರಿ ಒಂದೇ ಬರುವುದಲ್ಲ. ಬೀದಿನಾಯಿಗಳೂ ಬರುತ್ತವೆ. ಒಂದು ಕರುಳಿನ ತುಂಡಿಗೆ ಅಲ್ಲಿ ಜಗಳವಾಗುತ್ತದೆ, ಕಚ್ಚಾಟವಾಗುತ್ತದೆ. ನಮ್ಮ ದೇಶದಲ್ಲಿ ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಉಳಿದುಕೊಂಡಿರುವುದು ಮುಖ್ಯವಾಗಿ ನಾಯಿಗಳಲ್ಲಿ. ನಾಯಿಯಿಂದ ನರಿಗೆ, ನರಿಯಿಂದ ದನಕ್ಕೆ, ಮನುಷ್ಯನಿಗೆ ಅದು ದಾಟುವ ಸಂಕ ಈ ಕಸದ ಹೊಂಡ.

ಒಮ್ಮೆಲೇ ಬದಲಾದ ನರಿ

ರೇಬೀಸ್ ವೈರಸ್ ಜೊಲ್ಲಿನ ಮೂಲಕ ಗಾಯಕ್ಕೆ ಸೇರಿ, ನರಗಳ ದಾರಿ ಹಿಡಿದು ಮೆದುಳಿಗೆ ಹೋಗುತ್ತದೆ. ಮೆದುಳಿಗೆ ತಲುಪಿದ ಮೇಲೆ ಪ್ರಾಣಿಯ ನಡತೆಯೇ ಬದಲಾಗುತ್ತದೆ. ಮೊದಲು ಹೋಗುವುದು ಅಂಜಿಕೆ. ನಿನ್ನೆಯ ತನಕ ಓಡುತ್ತಿದ್ದ ನರಿ ಇಂದು ನಿಲ್ಲುತ್ತದೆ. ನಿಲ್ಲುವುದು ಮಾತ್ರವಲ್ಲ, ನಮ್ಮ ಕಡೆಗೇ ನಡೆದು ಬರುತ್ತದೆ. ಗುರಿಯಿಲ್ಲದೆ ತಿರುಗುತ್ತದೆ, ತನ್ನ ಗುಡ್ಡೆ ಬಿಟ್ಟು ಮೈಲುಗಟ್ಟಲೆ ಹೋಗುತ್ತದೆ. ಕಂಬ, ಟಯರು, ಸೌದೆ, ಎದುರಿಗೆ ಸಿಕ್ಕಿದ್ದನ್ನು ಕಚ್ಚುತ್ತದೆ. ಕಟ್ಟಿದ ದನಕ್ಕೆ, ಮಲಗಿದ ನಾಯಿಗೆ, ಅಂಗಳ ಗುಡಿಸುವವರಿಗೆ, ಬಾಗಿಲಲ್ಲಿ ಕುಳಿತ ಮುದುಕರಿಗೆ ಏರಿ ಬರುತ್ತದೆ. ಹೊಡೆದರೂ ಬಿಡುವುದಿಲ್ಲ. ಕಾಸರಗೋಡು, ಕಣ್ಣೂರು ಜಿಲ್ಲೆಗಳಲ್ಲಿ ಒಂದೇ ನರಿ ಒಂದು ಬೆಳಗ್ಗೆ ಹಲವರಿಗೆ ಕಚ್ಚಿದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ತಿನ್ನಲೆಂದು ಬಂದ ನರಿ ಹಾಗೆ ಮಾಡುವುದಿಲ್ಲ.

ಇನ್ನೊಂದು ರೂಪ ಇದಕ್ಕಿಂತ ಮೋಸದ್ದು. ನರಿ ಏರಿ ಬರುವುದಿಲ್ಲ, ಮಂಕಾಗಿ ಕೂರುತ್ತದೆ. ದವಡೆ ಜೋತು ಬಿದ್ದು ಜೊಲ್ಲು ಸುರಿಯುತ್ತದೆ, ಹಿಂಗಾಲು ಎಳೆಯುತ್ತದೆ, ಬಾವಿಕಟ್ಟೆಯ ನೆರಳಿನಲ್ಲೋ ಸೌದೆ ಕೊಟ್ಟಿಗೆಯಲ್ಲೋ ಬಂದು ಮಲಗುತ್ತದೆ. "ಪಾಪ, ಪೆಟ್ಟಾಗಿದೆ" ಎಂದು ಮಕ್ಕಳು ನೀರು ಕೊಡಲು ಹೋಗುತ್ತಾರೆ. ಹೋಗಬಾರದು.

ಬೇರೆ ರೋಗಗಳಲ್ಲೂ ನರಿ ಹೀಗೆ ಮಂಕಾಗುವುದುಂಟು. ನಾಯಿಗಳಿಗೆ ಬರುವ ಡಿಸ್ಟೆಂಪರ್ ಅದಕ್ಕೂ ಬರುತ್ತದೆ. ಅದು ಮನುಷ್ಯರಿಗೆ ತಾಗುವುದಿಲ್ಲ, ಆದರೆ ನೋಡಲು ರೇಬೀಸಿನ ಹಾಗೆಯೇ ಇರುತ್ತದೆ. ಕಜ್ಜಿ ಹಿಡಿದು ಕೂದಲುದುರಿದ ನರಿ ಬಡಕಲಾಗಿ, ಹಸಿವಿನಿಂದ ಹಗಲಿನಲ್ಲೇ ಮನೆಯ ಬಳಿ ಸುಳಿಯುತ್ತದೆ. ಇವುಗಳಲ್ಲಿ ಯಾವುದು ಯಾವುದೆಂದು ಅಂಗಳದಲ್ಲಿ ನಿಂತು ತೀರ್ಮಾನಿಸಲು ಯಾರಿಗೂ ಸಾಧ್ಯವಿಲ್ಲ. ಸತ್ತ ಪ್ರಾಣಿಯ ಮೆದುಳನ್ನು ಪ್ರಯೋಗಾಲಯದಲ್ಲಿ ನೋಡಿಯೇ ಹೇಳಬೇಕು. ಆದುದರಿಂದ ಅಂಜದ ನರಿಯನ್ನೆಲ್ಲ ನಾವು ರೇಬೀಸ್ ನರಿಯೆಂದೇ ತಿಳಿದು ದೂರ ನಿಲ್ಲುವುದು ಕ್ಷೇಮ. ಬೆಳಗ್ಗೆ ನರಿಯ ಮುಖ ನೋಡುವ ಭಾಗ್ಯ ಓಡುವ ನರಿಗೆ ಮಾತ್ರ ಅನ್ವಯಿಸುತ್ತದೆ.

ಹಟ್ಟಿಯ ಕತೆ

ನಮ್ಮ ನೆರೆಕರೆಯ ಒಂದು ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು, ಏಕೆಂದರೆ ಇದು ಯಾರ ಮನೆಯಲ್ಲೂ ನಡೆಯಬಹುದು. ಬೆಳಗಿನ ಜಾವ ಹಟ್ಟಿಯಲ್ಲಿ ಗದ್ದಲ ಕೇಳಿ ಮನೆಯವರು ಎದ್ದು ಹೋದರು. ನರಿಯೊಂದು ದನದ ಮೂತಿಗೆ ಹಾರಿ ಓಡಿತ್ತು. ಮೂಗಿನ ಬಳಿ ಎರಡು ಸಣ್ಣ ಗಾಯ. ಅರಸಿನ ಹಚ್ಚಿದರು, ಗಾಯ ಮಾಯಿತು, ವಿಷಯ ಮರೆತೂ ಹೋಯಿತು. ಐದು ವಾರ ಕಳೆದು ದನ ಹುಲ್ಲು ಬಿಟ್ಟಿತು. ಬಾಯಿಂದ ನೊರೆ, ಜೊಲ್ಲು. ಸ್ವರ ಒಡೆದು ಒಂದೇ ಸವನೆ ಕೂಗತೊಡಗಿತು. ಹಲಸಿನ ಕಾಲವಾದ್ದರಿಂದ ಗಂಟಲಿನಲ್ಲಿ ಏನೋ ಸಿಕ್ಕಿದೆ ಎಂದು ಮನೆಯ ಯಜಮಾನರು ಕೈಯನ್ನು ಮೊಣಕೈ ತನಕ ಅದರ ಬಾಯಿಗೆ ಹಾಕಿ ನೋಡಿದರು. ಅಡಿಕೆ ಸುಲಿದು ಬಿರಿದ ಕೈಬೆರಳುಗಳು! ಮರುದಿನ ಬಂದ ಪಶುವೈದ್ಯರು ದೂರದಿಂದಲೇ ನೋಡಿ, ಯಾರೆಲ್ಲ ಮುಟ್ಟಿದ್ದೀರಿ ಎಂದು ಮೊದಲು ಕೇಳಿದರು. ದನ ಮತ್ತೆ ಮೂರು ದಿನದಲ್ಲಿ ಸತ್ತಿತು. ಆ ಮನೆಯ ನಾಲ್ವರು ಚುಚ್ಚುಮದ್ದು ಹಾಕಿಸಿಕೊಂಡರು. ಎಲ್ಲರೂ ಕ್ಷೇಮವಾಗಿದ್ದಾರೆ.

ದನ, ಆಡು, ಎಮ್ಮೆ ಯಾವುದೇ ಇರಲಿ, ಕಾರಣವಿಲ್ಲದೆ ಜೊಲ್ಲು ಸುರಿಸಿ ನುಂಗಲಾಗದೆ ಒದ್ದಾಡಿದರೆ ಬಾಯಿಗೆ ಬರಿಗೈ ಹಾಕಲೇಬಾರದು. ನರಿ ಕಚ್ಚಿದ್ದು ಗೊತ್ತಾದರೆ ಅಂದೇ ಗಾಯವನ್ನು ಸಾಬೂನು ನೀರಿನಲ್ಲಿ ತೊಳೆದು ಪಶುವೈದ್ಯರಲ್ಲಿಗೆ ಹೋಗಬೇಕು. ಕಚ್ಚಿದ ಮೇಲೂ ದನಕ್ಕೆ ಲಸಿಕೆ ಇದೆ. ಕೊಡುವ ದಿನವನ್ನು ಸೊನ್ನೆ ಎಂದು ಹಿಡಿದು, ಮತ್ತೆ 3, 7, 14 ಮತ್ತು 28ನೆಯ ದಿನ. ತೊಳೆಯುವಾಗ ಕೈಗೆ ಗವಸು, ಇಲ್ಲದಿದ್ದರೆ ಪ್ಲಾಸ್ಟಿಕ್ ತೊಟ್ಟೆಯಾದರೂ ಇರಲಿ.

ಆ ದನದ ಹಾಲು ಕುಡಿದೆವಲ್ಲ ಎಂಬ ಹೆದರಿಕೆ ಇಂಥ ಮನೆಗಳಲ್ಲಿ ದೊಡ್ಡದು. ಕುದಿಸಿದ ಹಾಲಿನಿಂದ, ಚಹಾ ಕಾಫಿಯಿಂದ ಈ ರೋಗ ಬರುವುದಿಲ್ಲ. ವೈರಸ್ ಕುದಿಯಲ್ಲಿ ಉಳಿಯುವುದಿಲ್ಲ. ಹಸಿ ಹಾಲು ಕುಡಿದವರಿದ್ದರೆ ವೈದ್ಯರನ್ನು ಕೇಳಬೇಕು. ರೋಗದ ಗುರುತು ಕಂಡ ಮೇಲೆ ಹಾಲು ಕರೆಯುವುದೇ ಬೇಡ.

ಮನುಷ್ಯರಿಗೆ ಕಚ್ಚಿದರೆ

ನಮ್ಮಲ್ಲಿ ಹೆಚ್ಚು ಅಪಾಯ ಯಾರಿಗೆ? ಕತ್ತಲಿರುವಾಗಲೇ ತಲೆಗೆ ದೀಪ ಕಟ್ಟಿ ರಬ್ಬರ್ ಟ್ಯಾಪಿಂಗಿಗೆ ಹೋಗುವವರಿಗೆ, ಡೇರಿಗೆ ಹಾಲು ಒಯ್ಯುವವರಿಗೆ, ಪೇಪರು ಹಾಕುವ ಹುಡುಗರಿಗೆ, ಬೆಳಗ್ಗಿನ ಪೂಜೆಗೆ ಒಳದಾರಿಯಲ್ಲಿ ನಡೆದು ಬರುವ ಹಿರಿಯರಿಗೆ. ಕೈಯಲ್ಲಿ ಒಂದು ಟಾರ್ಚು, ಒಂದು ಕೋಲು, ಸಾಧ್ಯವಾದರೆ ಜೊತೆಗೊಬ್ಬರು ಇರಬೇಕು. ನರಿ ಓಡದೆ ನಿಂತರೆ ಬೆನ್ನು ಹಾಕಿ ಓಡಬಾರದು. ಕೋಲನ್ನೋ ಕೊಡೆಯನ್ನೋ ನಡುವೆ ಹಿಡಿದು ಹಿಂದೆ ಸರಿಯಬೇಕು.

ಕಚ್ಚಿದರೆ ಮಾಡಬೇಕಾದ ಮೊದಲ ಕೆಲಸಕ್ಕೆ ಆಸ್ಪತ್ರೆ ಬೇಡ. ಹತ್ತಿರದ ನಳ್ಳಿಯ ಅಡಿಯಲ್ಲಿ ಗಾಯ ಹಿಡಿದು ಸಾಬೂನು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ 15 ನಿಮಿಷ. ಎರಡು ಚೊಂಬು ನೀರು ಸುರಿದು ಮುಗಿಸುವುದು ತೊಳೆದಂತಲ್ಲ. ಈ ವೈರಸ್ಸಿಗೆ ಹೊರಕವಚವಾಗಿ ಒಂದು ಕೊಬ್ಬಿನ ಪದರವಿದೆ. ಸಾಬೂನು ಅದನ್ನು ಕರಗಿಸುತ್ತದೆ. ಮನೆಯಲ್ಲಿ 10 ರೂಪಾಯಿಯ ಬಟ್ಟೆ ಸಾಬೂನು ಮಾಡುವ ಈ ಕೆಲಸವನ್ನು ಆಮೇಲೆ ಯಾವ ದೊಡ್ಡ ಔಷಧವೂ ಮಾಡಲಾರದು. ಸುಣ್ಣ, ಮೆಣಸಿನ ಹುಡಿ, ಕಾಫಿ ಹುಡಿ, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಾಕಬಾರದು. ಬಿಗಿಯಾಗಿ ಕಟ್ಟಲೂಬಾರದು. ಹೊಲಿಗೆ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

ಆಮೇಲೆ ತಡಮಾಡದೆ ಆಸ್ಪತ್ರೆ. ನಾಯಿ ಕಚ್ಚಿದಾಗ "10 ದಿನ ಕಾದು ನೋಡೋಣ, ನಾಯಿ ಬದುಕಿದ್ದರೆ ತೊಂದರೆಯಿಲ್ಲ" ಎಂಬ ಮಾತು ಊರಲ್ಲಿ ಇದೆಯಲ್ಲ, ಅದು ನಾಯಿ ಬೆಕ್ಕುಗಳಿಗೆ ಮಾತ್ರ ಸೇರಿದ್ದು. ಅಲ್ಲಿಯೂ ಲಸಿಕೆ ಸುರುಮಾಡಿಯೇ ಕಾಯಬೇಕು. ನರಿಗೆ ಅದು ಸಲ್ಲುವುದೇ ಇಲ್ಲ. ಕಾಡುಪ್ರಾಣಿಯ ಕಡಿತವನ್ನು, ಗಾಯ ಎಷ್ಟೇ ಸಣ್ಣದಿರಲಿ, ವೈದ್ಯರು ಮೂರನೆಯ ದರ್ಜೆಯ, ಅಂದರೆ ಅತಿ ಗಂಭೀರವಾದ ಕಡಿತವೆಂದೇ ಎಣಿಸುತ್ತಾರೆ. ಅದಕ್ಕೆ ಎರಡು ಬಗೆಯ ಮದ್ದು ಬೇಕು. ಒಂದು ಲಸಿಕೆ. ಸರಕಾರಿ ಆಸ್ಪತ್ರೆಗಳಲ್ಲಿ ಅದನ್ನು ಎರಡೂ ತೋಳಿನ ಚರ್ಮದೊಳಗೆ ಸ್ವಲ್ಪ ಸ್ವಲ್ಪ ಕೊಡುತ್ತಾರೆ. ಮೊದಲ ದಿನ, ಮತ್ತೆ 3, 7 ಹಾಗೂ 28ನೆಯ ದಿನ. ಇನ್ನೊಂದು ಇಮ್ಯುನೋಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದು. ಇದನ್ನು ಗಾಯದ ಒಳಗೂ ಸುತ್ತಲೂ ಹಾಕುತ್ತಾರೆ.

ಎರಡು ಏಕೆ? ಲಸಿಕೆಯೆಂದರೆ ಬೀಜ ಹಾಕಿದ ಹಾಗೆ. ದೇಹದಲ್ಲಿ ಪ್ರತಿರೋಧ ಬೆಳೆದು ಬರಲು ಒಂದೆರಡು ವಾರ ಬೇಕು. ಅಲ್ಲಿಯ ತನಕ ಗಾಯದಲ್ಲಿರುವ ವೈರಸ್ಸನ್ನು ತಡೆಯಲು ಬೇಲಿ ಬೇಕಲ್ಲ, ಇಮ್ಯುನೋಗ್ಲೋಬ್ಯುಲಿನ್ ಆ ಬೇಲಿ. 2022ರಲ್ಲಿ ಕೇರಳದಲ್ಲಿ ನಾಯಿ ಕಚ್ಚಿ ಲಸಿಕೆ ಪಡೆದವರಲ್ಲೂ ಕೆಲವರು ತೀರಿಹೋದಾಗ "ಮದ್ದೇ ಸರಿಯಿಲ್ಲ" ಎಂಬ ಮಾತು ಹಬ್ಬಿತು. ಪರೀಕ್ಷೆಯಲ್ಲಿ ಲಸಿಕೆ ಸರಿಯಾಗಿಯೇ ಇತ್ತು. ಮುಖ, ಕುತ್ತಿಗೆ, ಕೈಬೆರಳುಗಳ ಕಡಿತದಲ್ಲಿ ವೈರಸ್ಸಿಗೆ ಮೆದುಳಿನ ದಾರಿ ಹತ್ತಿರ, ನರಗಳೂ ಹೆಚ್ಚು. ಅಂಥಲ್ಲಿ ಒಂದು ಗಂಟೆಯೂ ದೊಡ್ಡದು. ಇಮ್ಯುನೋಗ್ಲೋಬ್ಯುಲಿನ್ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇರುವುದಿಲ್ಲ. ಹೊರಡುವ ಮೊದಲು ಫೋನು ಮಾಡಿ ಕೇಳಿ, ಇರುವ ಆಸ್ಪತ್ರೆಗೇ ನೇರವಾಗಿ ಹೋಗುವುದು ಒಳ್ಳೆಯದು. ಟಿ.ಟಿ. ಮಾತ್ರ ಕೊಟ್ಟು ಕಳುಹಿಸಿದರೆ ಅದು ರೇಬೀಸಿನ ಮದ್ದಲ್ಲ ಎಂಬುದು ನೆನಪಿರಲಿ. ವಿನಯದಿಂದಲೇ, ಆದರೆ ಬಿಡದೆ ಕೇಳಿ.

ಕಚ್ಚಿ ಕೆಲವು ದಿನ ಕಳೆದುಹೋಗಿದ್ದರೂ "ಇನ್ನೇನು ಪ್ರಯೋಜನ" ಎಂದು ಸುಮ್ಮನಿರಬಾರದು. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 2-3 ತಿಂಗಳು ಹಿಡಿಯುತ್ತದೆ; ಒಂದು ವಾರದಲ್ಲೇ ಬಂದದ್ದೂ ಒಂದು ವರ್ಷದ ನಂತರ ಬಂದದ್ದೂ ಇದೆ. ಗುರುತು ಕಾಣುವ ಮೊದಲು ಯಾವ ದಿನ ಹೋದರೂ ಲಾಭವಿದೆ. ನೀರು ಕಂಡರೆ ಗಂಟಲು ಹಿಡಿಯುವುದು ಸುರುವಾದ ಮೇಲೆ ಯಾವ ವೈದ್ಯರೂ ಏನೂ ಮಾಡಲಾರರು. ಹಸಿರು ಮದ್ದು ಕೊಟ್ಟು ನೂರಾರು ಮಂದಿಯನ್ನು ಉಳಿಸಿದ್ದೇವೆ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅವರು ಉಳಿಸಿದ್ದು ರೋಗವಿಲ್ಲದ ನಾಯಿ ಕಚ್ಚಿದವರನ್ನು. ಇಷ್ಟು ಖಡಾಖಂಡಿತವಾಗಿ ಹೇಳಲು ನಮಗೆ ಸಂಕೋಚವಿಲ್ಲ.

ಹಿರಿಯರು ಆಸ್ಪತ್ರೆಗೆ ಹೋಗಲು ಹಿಂಜರಿಯುವುದಕ್ಕೆ ಒಂದು ಕಾರಣ ಹೊಕ್ಕುಳಿನ ಸುತ್ತ 14 ಇಂಜೆಕ್ಷನಿನ ನೆನಪು. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಮದ್ದು ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತಿತು. ಈಗಿನದು ತೋಳಿಗೆ, ಸಣ್ಣ ಸೂಜಿಯಲ್ಲಿ. ನಮ್ಮವರಿಗೆ ಪರಿಚಯದ ನೀಲಗಿರಿಯ ಕೂನೂರಿನಲ್ಲಿ 1907ರಲ್ಲೇ ಈ ರೋಗದ ಚಿಕಿತ್ಸೆಗಾಗಿ ಪಾಸ್ಚರ್ ಸಂಸ್ಥೆ ತೆರೆಯಿತು. ಆಗ ದಕ್ಷಿಣದ ಜನ ಮದ್ದಿಗಾಗಿ ಉತ್ತರದ ಕಸೌಲಿಯ ತನಕ ಹೋಗುವುದು ತಪ್ಪಿತು. ಲೂಯಿ ಪಾಸ್ಚರ್ ಮೊದಲ ಬಾರಿಗೆ ಹುಚ್ಚುನಾಯಿ ಕಚ್ಚಿದ 9 ವರ್ಷದ ಹುಡುಗನಿಗೆ ಮದ್ದು ಕೊಟ್ಟದ್ದು 1885ರ ಜುಲೈ 6ರಂದು. ಮರುವರ್ಷ ಹುಚ್ಚು ತೋಳ ಕಚ್ಚಿದ 19 ಮಂದಿ ರಷ್ಯದ ರೈತಾಪಿ ಜನ ಅಷ್ಟು ದೂರದಿಂದ ಪ್ಯಾರಿಸಿಗೆ ಬಂದರು. ಬಂದು ಮುಟ್ಟುವಾಗ ವಾರಗಳೇ ಕಳೆದಿದ್ದವು. ಆದರೂ 16 ಮಂದಿ ಬದುಕಿದರು. ನಮಗೆ ಇಂದು ಆಸ್ಪತ್ರೆಗೆ ಒಂದು ಗಂಟೆಯ ಬಸ್ಸಿನ ದಾರಿ.

ಕೊಂದರೆ ಮುಗಿಯುತ್ತದೆಯೇ?

ಒಂದು ಹುಚ್ಚು ನರಿ ಬಂದ ಊರಿನಲ್ಲಿ ಮರುದಿನ ಎಲ್ಲ ನರಿಗಳ ಮೇಲೆ ಕೋಪ ತಿರುಗುತ್ತದೆ. ಕೀಟನಾಶಕ ಬೆರೆಸಿದ ಮಾಂಸ, ಉರುಳು, ಸಿಡಿಮದ್ದು ಇಟ್ಟ ಕೋಳಿ ತಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ನರಿ ರಕ್ಷಿತ ಪ್ರಾಣಿ. ಕೊಂದರೆ ಕೇಸು ಖಂಡಿತ. ಕಾಯಿದೆ ಬದಿಗಿರಲಿ, ಲಾಭವಾದರೂ ಇದೆಯೇ? ವಿಷ ತಿಂದು ಸಾಯುವುದು ಹೆಚ್ಚಾಗಿ ನೆರೆಮನೆಯ ನಾಯಿ ಬೆಕ್ಕು. ಜೋಡಿ ನರಿ ಹೋದ ಗುಡ್ಡೆಗೆ ಅಲೆಮಾರಿ ನರಿಗಳು ಬಂದು ಸೇರುತ್ತವೆ, ಜಾಗಕ್ಕಾಗಿ ಕಚ್ಚಾಡುತ್ತವೆ. ರೋಗಕ್ಕೆ ಇದರಿಂದ ಅನುಕೂಲವೇ ಹೊರತು ಅಡ್ಡಿಯಲ್ಲ.

ಇದನ್ನು ಯುರೋಪಿನವರು ಕಷ್ಟಪಟ್ಟು ಕಲಿತರು. ಅಲ್ಲಿ ಎರಡನೆಯ ಮಹಾಯುದ್ಧದ ಹೊತ್ತಿಗೆ ಪೂರ್ವದಲ್ಲಿ ಸುರುವಾದ ನರಿಗಳ ರೇಬೀಸ್ ವರ್ಷವರ್ಷವೂ ಪಶ್ಚಿಮಕ್ಕೆ ಸರಿಯುತ್ತಾ 1967ರಲ್ಲಿ ಸ್ವಿಟ್ಜರ್‌ಲ್ಯಾಂಡಿಗೆ ಬಂತು. ಗುಂಡು ಹಾರಿಸಿದರು, ಮಾಟೆಗಳಿಗೆ ವಿಷಗಾಳಿ ಬಿಟ್ಟರು. ರೋಗ ನಿಲ್ಲಲಿಲ್ಲ. ಕೊನೆಗೆ 1978ರಲ್ಲಿ ಅಲ್ಲಿನ ವಿಜ್ಞಾನಿಗಳು ಕೋಳಿ ತಲೆಗಳ ಒಳಗೆ ಲಸಿಕೆಯ ಪೊಟ್ಟಣ ಅಡಗಿಸಿ ಒಂದು ಕಣಿವೆಯಲ್ಲಿ ಚೆಲ್ಲಿದರು. ನರಿಗಳು ಅದನ್ನು ತಿಂದವು. ರೋಗ ಆ ಕಣಿವೆಯನ್ನು ದಾಟಲಿಲ್ಲ. ಹೀಗೆಯೇ ಮುಂದುವರಿಸಿ 1999ರಲ್ಲಿ ಸ್ವಿಟ್ಜರ್‌ಲ್ಯಾಂಡು ರೇಬೀಸ್ ಮುಕ್ತವಾಯಿತು. ನಾವು ಕೋಳಿ ತಲೆಯಿಂದ ರೋಗ ಹರಡಿಸುತ್ತೇವೆ, ಅವರು ಅದರಿಂದಲೇ ರೋಗ ನಿಲ್ಲಿಸಿದರು!

ನಮ್ಮ ಗುಡ್ಡೆಗಳಲ್ಲಿ ನರಿಗೆ ಲಸಿಕೆ ಚೆಲ್ಲುವ ಏರ್ಪಾಡಿಲ್ಲ. ಆದರೆ ನಮ್ಮ ನರಿಗೆ ರೋಗ ಬರುವುದು ನಾಯಿಯಿಂದ. ನಾಯಿಗೆ ಲಸಿಕೆ ಹಾಕಿಸುವುದು ನಮ್ಮ ಕೈಯಲ್ಲಿದೆ. ನಾಯಿಗಳಿಂದ ಬರುವ ರೇಬೀಸನ್ನು 2030ರೊಳಗೆ ಇಲ್ಲವಾಗಿಸುವ ರಾಷ್ಟ್ರೀಯ ಯೋಜನೆಯನ್ನು ಸರಕಾರ 2021ರಲ್ಲಿ ಹೊರಡಿಸಿತು. ಯೋಜನೆ ಕಾಗದದಿಂದ ಇಳಿಯಬೇಕಾದದ್ದು ನಮ್ಮ ಅಂಗಳಕ್ಕೆ. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ವೈದ್ಯರು ಹೇಳಿದಂತೆ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ತೋಟ ಕಾಯುವ ನಾಯಿ ರಾತ್ರಿ ನರಿಯೊಡನೆ ಕಚ್ಚಾಡಿ ಬಂದದ್ದು ನಮಗೆ ಗೊತ್ತೇ ಆಗುವುದಿಲ್ಲ. ರೋಮದ ಅಡಿಯ ಗಾಯ ಕಾಣುವುದಿಲ್ಲ. ಅದೇ ನಾಯಿ ಮಕ್ಕಳ ಕೈ ನೆಕ್ಕುತ್ತದೆ. ಕಚ್ಚಾಟ ಗೊತ್ತಾದರೆ ಹಿಂದೆ ಲಸಿಕೆ ಹಾಕಿಸಿದ್ದರೂ ಮತ್ತೆ ಹಾಕಿಸಿ, ಕಟ್ಟಿಹಾಕಿ ಗಮನಿಸಬೇಕು.

ಇನ್ನು ಕೊಯ್ದು ಉಳಿದ ಮಾಂಸದ ಕಸ. ಹೊಂಡ ಮೂರು ಅಡಿಗಿಂತ ಹೆಚ್ಚು ಆಳವಿರಲಿ. ಸುಣ್ಣ ಹಾಕಿ ಮಣ್ಣು ತುಂಬಿ, ಮೇಲೆ ಭಾರದ ಕಲ್ಲು ಹೇರಬೇಕು. ಊರಹಬ್ಬದ ಊಟದ ಉಸ್ತುವಾರಿ ವಹಿಸುವವರು ಅಡಿಗೆಯವರನ್ನು ಗೊತ್ತುಮಾಡುವ ದಿನವೇ ಈ ಹೊಂಡಕ್ಕೂ ಆಳು ಗೊತ್ತುಮಾಡಲಿ. ಕೋಳಿಗೂಡಿನ ಬುಡಕ್ಕೆ ಬಲೆಯನ್ನು ಒಂದು ಅಡಿ ಮಣ್ಣೊಳಗೆ ಇಳಿಸಿದರೆ ನರಿ ತೋಡಿ ಬರುವುದಿಲ್ಲ.

ಅಂಜದ ನರಿ ಕಂಡರೆ ಮೊದಲು ಮಕ್ಕಳನ್ನೂ ನಾಯಿಯನ್ನೂ ಒಳಗೆ ಸೇರಿಸಿ, ದನದ ಹಟ್ಟಿಯ ಬಾಗಿಲು ಹಾಕಿ. ನೆರೆಮನೆಗಳಿಗೂ ವಾರ್ಡಿನ ಗುರಿಕಾರರಿಗೂ ಫೋನು ಮಾಡಿ. ಪಂಚಾಯತಿಗೆ, ಅರಣ್ಯ ಇಲಾಖೆಗೆ ಅವರೂ ಸುದ್ದಿ ಮುಟ್ಟಿಸಲಿ. ಅದು ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ, ನಾಯಿ ಕಾಗೆ ಎಳೆಯದಂತೆ ಒಂದು ಬುಟ್ಟಿ ಕವುಚಿ ಕಲ್ಲು ಹೇರಿಟ್ಟು ಪಶುವೈದ್ಯರಿಗೆ ತಿಳಿಸಿ. ಯಾರಿಗಾದರೂ ಕಚ್ಚಿದ ನರಿಯಾದರೆ ಹೂಳಲು ಅವಸರ ಮಾಡಬೇಡಿ. ತಲೆಗೆ ಪೆಟ್ಟಾಗದೆ ಉಳಿದರೆ ಪ್ರಯೋಗಾಲಯದಲ್ಲಿ ಖಚಿತ ಉತ್ತರ ಸಿಗುತ್ತದೆ. ಉತ್ತರ ಬರುವ ತನಕ ಚುಚ್ಚುಮದ್ದು ನಿಲ್ಲಿಸಬಾರದು.